ಅಂಗೈ ಮುಂದೆ ಮಾಡಿ

ಅಲೆಕ್ಸಾಂಡ್ರಿಯಾ, ಮಂಗಳವಾರ

ಗುರುಗಳಾದ ಡಾಕ್ಟರ್ ಶೌಕಿಯವರಿಗೆ ನರ್ಸ್ ಸುಹೈರ್ ಮಾಡುವ ಸಲಾಂ.

ನರ್ಸಿಂಗ್ ಶಾಲೆಯ ಮೊದಲ ಪಾಠದ ದಿನ ನೀವು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ತೋಳು ಇಳಿಬಿಡಿಸಿ, ಅಂಗೈಗಳನ್ನು ಮುಂದಕ್ಕೆ ತಿರುಗಿಸಿದಿರಿ. "ದೇಹವನ್ನ ಓದೋದು ಹೀಗೆ ನಿಲ್ಲಿಸಿ. ಎಡ ಅಂದ್ರೆ ನಿಮ್ಮ ಎಡ ಅಲ್ಲ ಕಣ್ರಮ್ಮಾ, ರೋಗಿಯ ಎಡ. ಕವುಚಿ ಮಲಗಿಸಿದಾಗ ಗುರುತು ತಪ್ಪುತ್ತೆ, ಹುಷಾರು!" ಎಂದಿರಿ.

ನಿಮ್ಮ ರೋಗಿ ಉಮ್ಮ್ ರಿದ್ವಾನ್ ಅವರಿಗೆ ಗಂಟು ಇದ್ದದ್ದು ಎಡಮಂಡಿಯ ಹಿಂದೆ. ಅವರನ್ನು ಕವುಚಿ ಮಲಗಿಸಿದ ಮೇಲೆ ನೀವು ಚಾಕು ಹಿಡಿದದ್ದು ಬಲಗಾಲಿನ ಮೇಲೆ. "ಡಾಕ್ಟರೇ, ಅದು ಬಲ," ಎಂದೆ. "ನನಗೇ ಪಾಠ ಹೇಳ್ತೀಯೇನೇ?" ಎಂದು ನಕ್ಕು ಕೊಯ್ದಿರಿ. ಆಸ್ಪತ್ರೆಯ ವಿಚಾರಣೆಯಲ್ಲಿ ಮಾತ್ರ, ಆ ಕಾಲು ತೋರಿಸಿದ್ದು ಸುಹೈರೇ ಎಂದಿರಿ.

ನನ್ನ ಕೆಲಸ ಹೋಯಿತು. ಅದನ್ನು ಮರಳಿ ಕೊಡಿಸಿ ಎಂದು ನಿಮ್ಮಲ್ಲಿ ಕೇಳುತ್ತಿಲ್ಲ. ಒಂದು ಉಪಕಾರ ಮಾಡಿ: ಗುರುವಾರ ಹೊಲಿಗೆ ಬಿಚ್ಚಿದ ಮೇಲೆ ಉಮ್ಮ್ ರಿದ್ವಾನ್ ಅವರ ಮಂಡಿಯನ್ನು ಮೆಲ್ಲಗೆ ಮಡಿಸಿ, ಮೆಲ್ಲಗೆ ಚಾಚಿಸಿ. ನೋವಾದರೂ ಆಕೆ ಹೇಳುವವರಲ್ಲ. ನಿಮ್ಮನ್ನು ಇನ್ನೂ ನಂಬಿದ್ದಾರೆ.

ವಿಚಾರಣೆಯವರ ಮುಂದೆ ನಾನು ನನಗರಿವಿಲ್ಲದೆಯೇ ನೀವು ಕಲಿಸಿದ ಹಾಗೆ ನಿಂತಿದ್ದೆ, ಅಂಗೈ ಮುಂದೆ ಮಾಡಿ. ನಿಮ್ಮ ಎರಡೂ ಕೈಗಳು ಕೋಟಿನ ಜೇಬಿನಲ್ಲಿದ್ದವು.

ನಿಮ್ಮ ವಿದ್ಯಾರ್ಥಿನಿಯಾಗಿದ್ದ,
ಸುಹೈರ್