ಆನೆಯ ಹಿಂಗಾಲು

ಸೆಪ್ಟೆಂಬರ್ 23, ಮಂಗಳವಾರ. ಸೀಡರ್ ಪಾರ್ಕ್, ಅಮೆರಿಕ

ಕಾಫಿ, ಒಂದು ಕವಿತೆ, ಆಮೇಲೆ ನನ್ನ ಓದಿನ ಗ್ರೀಕ ತತ್ವಜ್ಞಾನಿ. ದಿನಾ ಇದೇ ಕ್ರಮ. ನಲವತ್ತೆಂಟಕ್ಕೆ ಮತ್ತೆ ಸ್ಟೂಡೆಂಟ್ ಐಡಿ ನೇತುಹಾಕಿಕೊಂಡವಳಿಗೆ ಒಂದು ಕ್ರಮ ಬೇಕು.

ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಕೂತು ಪ್ರಾಣಿಗಳನ್ನು ಹೋಲಿಸಿದ ಮನುಷ್ಯ. ಹಕ್ಕಿಗೆ ಗರಿ ಹೇಗೋ ಮೀನಿಗೆ ಹುರುಪೆ ಹಾಗೆ ಎನ್ನುತ್ತಾನೆ. ಉಪಮೆ ಎಂದರೆ ಒಡವೆ ಎಂದುಕೊಂಡಿದ್ದೆ. ಅವನ ಕೈಯಲ್ಲಿ ಅದು ಅಳತೆಗೋಲು.

ಆನೆಯ ವಿಷಯದಲ್ಲಿ ಮಾತ್ರ ನನ್ನ ಕೈಗೆ ಸಿಕ್ಕಿಬಿದ್ದ. ಆನೆ ಹಿಂಗಾಲನ್ನು ಮನುಷ್ಯನ ಹಾಗೆ ಮಡಿಸುತ್ತದಂತೆ! ಪೇಪರಿನಲ್ಲಿ ಬರೆದೆ — ‘ನಾನು ಮೈಸೂರಿನವಳು, ಆನೆ ನೋಡುತ್ತಲೇ ಬೆಳೆದವಳು. ಅದು ಹಸುವಿನ ಹಾಗೆಯೇ ಕಾಲು ಮಡಿಸುತ್ತದೆ. ಇವನು ಆನೆಯನ್ನು ನೋಡಿರಲಿಲ್ಲ.’

ಗೈಡ್ ಪ್ರೊಫೆಸರ್ ರೂತ್‌ಗೆ ಬಲು ಖುಷಿ. “ನಿರುಪಮಾ, ದಿಸ್ ಪೇಜ್ ಈಸ್ ಗೋಲ್ಡ್” ಎಂದರು. ಆ ಪುಟದಿಂದಲೇ ಡಾಲಸ್ ಕಾನ್ಫರೆನ್ಸ್‌ನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿದೆ. ಅಕ್ಟೋಬರ್ ಹನ್ನೊಂದು. ಅಲ್ಲಿ ಚೆನ್ನಾಗಿ ಮಾತಾಡಿದರೆ ಪಿಎಚ್‌ಡಿಗೆ ರೆಕಮೆಂಡ್ ಮಾಡುತ್ತಾರೆ. ಮಾತಾಡುತ್ತೇನೆ. ಅನುಮಾನವಿಲ್ಲ.

ಅಕ್ಟೋಬರ್ 2, ಗುರುವಾರ. ಬೆಳಿಗ್ಗೆ

ಟಿವಿಯಲ್ಲಿ ಜಂಬೂಸವಾರಿ ಲೈವ್. ಅತ್ತೆ ಸ್ನಾನ ಮುಗಿಸಿ, ರೇಷ್ಮೆ ಸೀರೆ ಉಟ್ಟು, ಟಿವಿಗೆ ಕೈಮುಗಿದರು.

“ಅತ್ತೆ, ಆನೆ ಕೂತ್ಕೊಂಡಾಗ ಹಿಂಗಾಲು ಯಾವ ಕಡೆ ಹೋಗುತ್ತೆ?”

“ಹಸು ಥರಾನೇ ಕಣೇ. ಇದೆಂಥಾ ಪ್ರಶ್ನೆ?”

“ಹಾಗಲ್ಲ ಅಂತಾನೆ ನನ್ನ ಗ್ರೀಕ.”

“ಮೈಸೂರೋರಿಗೇ ಆನೆ ಪಾಠ ಹೇಳೋಕ್ ಬಂದ್ನಾ? ಸರಿಹೋಯ್ತು!”

ಆಫೀಸಿಗೆ ಹೊರಟ ನನ್ನವರು ಶೂ ಲೇಸ್ ಕಟ್ಟುತ್ತಾ ಅಂದರು, “ಇಬ್ರೂ ಅಂಬಾರಿ ನೋಡ್ತಿದೀರಿ. ಕಾಲು ಯಾರು ನೋಡ್ತಿದಾರೆ?”

ನಕ್ಕೆವು. ನಕ್ಕ ಮೇಲೆ ಯೋಚನೆ ಹತ್ತಿತು. ಆನೆ ಕೂತದ್ದನ್ನು ನಾನು ನೋಡಿದ್ದು ಯಾವಾಗ? ನನ್ನ ನೆನಪಿನ ಆನೆಗಳೆಲ್ಲ ನಡೆಯುತ್ತಲೇ ಇವೆ...

ಅಕ್ಟೋಬರ್ 5, ಭಾನುವಾರ. ಶುಗರ್ ಲ್ಯಾಂಡ್, ನಾದಿನಿ ಇಂದುಮತಿಯ ಮನೆ

ಬೆಳಿಗ್ಗೆ ಅತ್ತೆಯನ್ನೂ ಕರೆದುಕೊಂಡು ಹ್ಯೂಸ್ಟನ್ ಝೂಗೆ. ಇಂದುಮತಿ ಡ್ರೈವ್ ಮಾಡಿದಳು. ಅಕ್ಟೋಬರ್ ಬಂದರೂ ಬಿಸಿಲು ಇಳಿದಿಲ್ಲ.

ಆನೆಗೆ ಸ್ನಾನದ ಹೊತ್ತು. ನೋಡಿಕೊಳ್ಳುವಾಕೆ ಏನೋ ಕೂಗಿದಳು. ಆನೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿತು. ಹಿಂದಿನ ಮಂಡಿಗಳು ಎರಡೂ ನೆಲಕ್ಕೆ ಊರಿದವು. ಅಂಗಾಲುಗಳು ಹಿಂದಕ್ಕೆ, ನಮ್ಮ ಕಡೆಗೆ, ಒದ್ದೆಯಾಗಿ. ಹಸುವಿನ ಕಾಲಿನ ಹಾಗೆ ಹೊಟ್ಟೆಯ ಕೆಳಗೆ ಹೋಗಲೇ ಇಲ್ಲ. ದೇವರ ಮುಂದೆ ಮಂಡಿಯೂರಿದ ಮನುಷ್ಯರ ಹಾಗೆ —

ಬಂಗಾರದ ಪುಟ ಹೋಯಿತು. ಡಾಲಸ್ಸಿಗೆ ಇನ್ನು ಒಂದು ವಾರವೂ ಇಲ್ಲ.

“ಅತ್ತೆ, ನೋಡಿದ್ರಾ?”

“ನೋಡ್ದೆ. ಇದು ಅಮೆರಿಕಾದ್ ಆನೆ ಕಣೇ. ಹಾಗೆ ಕಲಿಸಿರ್ತಾರೆ.”

“ಅಮ್ಮಾ, ವೀಸಾ ನೋಡಿ ಮಂಡಿ ಮಡಿಸುತ್ತಾ ಅದು?” ಎಂದಳು ಇಂದುಮತಿ.

ಸಂಜೆ ದೀಪ ಹಚ್ಚಿ ಅತ್ತೆ ನಮಸ್ಕಾರ ಮಾಡಿದರು. ಏಳುವಾಗ ಮಂಡಿಯ ಮೇಲೆ ಸ್ವಲ್ಪ ಸುಧಾರಿಸಿಕೊಂಡರು. ಅಂಗಾಲು ಎರಡೂ ಹಿಂದಕ್ಕೆ. ನಾನು ನೋಡುತ್ತಿರುವುದು ಕಂಡು ಅವರೂ ತಿರುಗಿ ನೋಡಿಕೊಂಡರು.

“ಅಯ್ಯೋ, ನಂದೂ ಹಾಗೇ ಇದೆಯಲ್ಲೇ!”

“ಹಾಗಾದ್ರೆ ಅವನು ಹೇಳಿದ್ದು ಸರಿ, ಅತ್ತೆ.”

“ಸರಿ ಇರ್ಲಿ ಬಿಡು. ಹಾಗಂತ ನನ್ನ ಆನೆ ಮಾಡ್ಬೇಡ. ಕೈ ಕೊಡು, ಏಳ್ತೀನಿ.”

ಅಕ್ಟೋಬರ್ 6, ಸೋಮವಾರ. ಸೀಡರ್ ಪಾರ್ಕ್

ರೂತ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಈ ವರ್ಷ ಪೇಪರನ್ನು ಹಿಂತೆಗೆದುಕೊಳ್ಳಬಹುದು, ಇಲ್ಲವೇ ಆನೆಯನ್ನು ಬಿಟ್ಟು ಉಳಿದದ್ದನ್ನು ಓದಬಹುದು ಎಂದರು. “ಆದರೆ ಅವರು ನಿನ್ನನ್ನು ಕರೆದಿರುವುದೇ ಆನೆಗಾಗಿ.”

ಗೊತ್ತು. ಆನೆಯನ್ನು ಬಿಡುವುದಿಲ್ಲ.

ಆ ಗ್ರೀಕನೂ ಪೂರ್ತಿ ಸರಿಯಲ್ಲ. ತೂಕದಿಂದಾಗಿ ಆನೆ ಎರಡೂ ಬದಿಯ ಕಾಲುಗಳನ್ನು ಒಟ್ಟಿಗೆ ಮಡಿಸಲಾರದು ಎಂದಿದ್ದಾನೆ. ನಿನ್ನೆಯ ಆನೆ ಎರಡೂ ಮಂಡಿ ಊರಿತ್ತು. ಇರಲಿ. ಅವನು ತಾನೇ ನೋಡಿದನೋ, ನೋಡಿದವರನ್ನು ಹಿಡಿದು ಕೇಳಿದನೋ — ಯಾರಿಗೂ ಗೊತ್ತಿಲ್ಲ. ಆದರೆ ‘ಕಾಲು ಯಾವ ಕಡೆಗೆ’ ಎಂಬ ಪ್ರಶ್ನೆ ಅವನಿಗೆ ಹುಟ್ಟಿತು. ನನಗೆ ಹುಟ್ಟಲಿಲ್ಲ. ಆನೆಗಳ ಊರಲ್ಲಿ ಹುಟ್ಟಿದ್ದೇ ಸಾಕು ಎಂದುಕೊಂಡಿದ್ದೆ.

ಈಗಿನ ಪೇಪರ್ ಮೊದಲಿನದಕ್ಕಿಂತ ಒಳ್ಳೆಯದಾಗುತ್ತದೆ. ಹೊಸದಾಗಿ ಬರೆಯುತ್ತೇನೆ.

ಅಕ್ಟೋಬರ್ 11, ಶನಿವಾರ. ಯೂಲೆಸ್, ಬೆಳಿಗ್ಗೆ 6

ಡಾಲಸ್ ಹತ್ತಿರದ ಹೋಟೆಲ್ ರೂಮು. ತಲೆಯ ಮೇಲೆಯೇ ವಿಮಾನಗಳು. ಕವಿತೆ ಓದಿ ಆಯಿತು. ನಾಲ್ಕು ದಿನ ಈ ಡೈರಿಯಲ್ಲಿ ಏನೂ ಬರೆದಿಲ್ಲ, ಪೇಪರನ್ನೇ ಬರೆದೆ. ಅತ್ತೆಯ ಫೋನ್ — “ಧೈರ್ಯವಾಗಿ ಹೇಳು. ಆನೆ ನೋಡಕ್ ನಾನೂ ಬಂದಿದ್ದೆ ಅಂತ್ಲೂ ಹೇಳು.”

10.40. ಡಾಲಸ್

ಹಾಲ್ ತುಂಬಿದೆ. ರೂತ್ ಮುಂದಿನ ಸಾಲಿನಲ್ಲಿ, ಕೈಕಟ್ಟಿ. ಪ್ರೋಗ್ರಾಮಿನಲ್ಲಿ ಹಳೆಯ ತಲೆಬರಹವೇ ಇದೆ — ಗ್ರೀಕ ನೋಡದ ಆನೆ. ಅದನ್ನು ಮೊದಲ ವಾಕ್ಯದಲ್ಲೇ ತಿದ್ದುತ್ತೇನೆ. ಹೆಸರು ಕರೆದರು. ವಾಕ್ಯ ಇದು: ನಾನು ಮೈಸೂರಿನವಳು. ಹೋದ ಭಾನುವಾರದವರೆಗೂ ಆನೆಯನ್ನು ನೋಡಿರಲಿಲ್ಲ. ಅವತ್ತು ಅದು ಮಂಡಿಯೂರಿ —