ಚಿಕ್ಕಂದಿನಿಂದ ಬಲ್ಲವರು

ಮಾರ್ಚ್ ೧೪, ಗುರುವಾರ

ಯಾರ ಹತ್ತಿರ ತೋರಿಸಿಕೊಳ್ಳುವುದು ಎಂಬುದು ಅಂತೂ ಇವತ್ತು ತೀರ್ಮಾನವಾಯಿತು. ನಲವತ್ತೆರಡನೇ ವಯಸ್ಸಿನಲ್ಲಿ, ನನಗೆ ಆಟಿಸಂ ಇದೆಯೇ ಎಂದು ತಿಳಿಯುವ ಹಂಬಲ ಯಾಕೆ ಎಂದರೆ ಏನು ಹೇಳಲಿ? ಪ್ರೆಸ್ಸಿನಲ್ಲಿ ಕರಡು ತಿದ್ದುವಾಗ ಒಂದು ಅಲ್ಪವಿರಾಮವೂ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ನಕ್ಕರೆ ಮಾತ್ರ, ಯಾಕೆ ನಕ್ಕರೆಂದು ತಲೆಗೆ ಹೋಗುವುದಿಲ್ಲ.

ಮೊದಲ ಕ್ಲಿನಿಕ್ಕಿನವರು, "ಒಂದೇ ದಿನದಲ್ಲಿ ರಿಪೋರ್ಟ್ ಕೊಡ್ತೀವಿ ಮೇಡಂ" ಎಂದಿದ್ದರು. ಎರಡನೆಯ ಕಡೆ ಐದು ತಿಂಗಳು ಕಾಯಬೇಕು. ಆದರೆ ಅಲ್ಲಿನ ಡಾಕ್ಟರಮ್ಮ ಕೇಳಿದರು: "ಚಿಕ್ಕಂದಿನಲ್ಲಿ ನೀವು ಹೇಗಿದ್ರಿ ಅಂತ ಬಲ್ಲೋರು ಯಾರಾದ್ರೂ ಇದ್ದಾರಾ? ಅವರನ್ನೂ ಕರ್ಕೊಂಡು ಬನ್ನಿ."

ಅಮ್ಮ ಇಲ್ಲ. ಅವಳು ಹೋದ ಮೇಲೆ ಅಕ್ಕನಿಗೂ ನನಗೂ ಮಾತು ನಿಂತು ಆರು ವರ್ಷ. ಸಂಜೆ ಮನಸ್ಸು ಗಟ್ಟಿ ಮಾಡಿಕೊಂಡು ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ಹಳೆಯದನ್ನು ನೆನೆದು ಹೇಳಿದಳು:

"ಸ್ಕೂಲಿಂದ ಬಂದೋಳೇ ಮಂಚದ ಕೆಳಗೆ ನುಗ್ತಿದ್ದೆ ಕಣೇ. ಎಷ್ಟು ಕರೆದ್ರೂ ಬರ್ತಿರ್ಲಿಲ್ಲ. ಮೊಂಡಿ ಅಂತ ಅಮ್ಮ ಬೈದೂ ಬೈದೂ ಸಾಕಾಗಿ, ಕೊನೆಗೆ ಅಲ್ಲೇ ಒಂದು ದಿಂಬು ಇಟ್ಲು."

ಆ ದಿಂಬು ನನಗೆ ಚೆನ್ನಾಗಿ ನೆನಪಿದೆ. ಇಟ್ಟವಳು ಅಮ್ಮ ಎಂದು ಗೊತ್ತಿರಲಿಲ್ಲ.

ಐದು ತಿಂಗಳು ಕಾಯುತ್ತೇನೆಂದು ಡಾಕ್ಟರಮ್ಮನಿಗೆ ತಿಳಿಸಿದೆ. ಅಕ್ಕ ಜೊತೆಗೆ ಬರುತ್ತಾಳಂತೆ. ರಿಪೋರ್ಟಿನಲ್ಲಿ ಏನು ಬೇಕಾದರೂ ಬರಲಿ. ಅಮ್ಮನನ್ನು ಒಂದೇ ಒಂದು ಸಲ ಎದುರಿಗೆ ಕೂರಿಸಿಕೊಂಡು ಕೇಳಬೇಕಿತ್ತು, ನಿನಗೆ ಆಗಲೇ ಎಲ್ಲ ಗೊತ್ತಿತ್ತೇನಮ್ಮಾ, ಗೊತ್ತಿದ್ದೇ ಆ ದಿಂಬು ಇಟ್ಟೆಯಾ ಎಂದು.