ಗುರುವಾರದ ಸರದಿ

ಅನಸುಬಾಯಿ,

ನಿನ್ನೆ ಶಹಾಬಾದಿಗೆ, ನಮ್ಮ ಕಾಲೇಜಿನ ಬೆಳ್ಳಿಹಬ್ಬಕ್ಕೆ ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಅಲ್ಲಿಗೆ ಹೋದದ್ದು ಇದೇ ಮೊದಲು. ನಾಲ್ಕು ಪಂಗಡದ ಕ್ರೈಸ್ತರು ಕೂಡಿ ಕಟ್ಟಿದ ಕಾಲೇಜಲ್ಲವೇ, ಈಗಲೂ ವಾರಕ್ಕೊಂದು ಪಂಗಡದವರು ತಮ್ಮ ರೀತಿಯಲ್ಲಿ ಪ್ರಾರ್ಥನೆ ನಡೆಸುತ್ತಾರೆ. ಹಾಸ್ಟೆಲ್ಲಿನ ಊಟದ ಪಂಕ್ತಿ ಮಾತ್ರ ಆಗಿನಂತೆಯೇ ಎಲ್ಲರಿಗೂ ಒಂದು. ಬಡಿಸುವವರು ಹುಡುಗಿಯರೇ, ಸರದಿಯ ಮೇಲೆ.

ನಿನ್ನ ಸರದಿ ಗುರುವಾರವಿತ್ತು. ನಿನ್ನ ಜಾತಿ ತಿಳಿದ ಮೇಲೆ ಪ್ರತಿ ಗುರುವಾರ ನನಗೆ ಹೊಟ್ಟೆನೋವು ಬರುತ್ತಿತ್ತು. ನೀನು ಓದಿ ಕೊಟ್ಟ ಅನುವಾದದ ಕಾದಂಬರಿಗಳನ್ನು ಮಾತ್ರ ಕೈಚಾಚಿ ತೆಗೆದುಕೊಳ್ಳುತ್ತಿದ್ದೆ. ತಿಂಗಳಾದ ಮೇಲೆ ಗುರುವಾರ ಬೇರೊಬ್ಬಳು ಬಡಿಸತೊಡಗಿದಳು. ನನ್ನ ನೋವು ನಿಂತಿತು. ನೀನು ಆ ನೋವನ್ನು ನಂಬಿದ್ದೆ ಎಂದೇ ನಿನ್ನೆಯವರೆಗೆ ತಿಳಿದಿದ್ದೆ.

ಅಡುಗೆಯ ಸಾಬಮ್ಮ ಗುರುತು ಹಿಡಿದಳು.

"ಬರ್ರಿ ಬಾಯಾರ, ಕುಂದ್ರಿ. ಈಗರೆ ಹೊಟ್ಟಿ ಆರಾಮ ಅದ ಏನ್ರಿ?" ಎಂದು ನಕ್ಕಳು. ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದಳು. "ಅನಸುಬಾಯಿನೇ ಬಂದು ಕೇಳಿದ್ಲ್ರಿ. 'ಅವ್ವಾ, ನನಗ ಭಾಂಡಿ ತಿಕ್ಕೂ ಪಾಳಿ ಹಚ್ಚು. ನಾ ಬಡಸಿದ್ರ ಆಕಿ ಉಪಾಸ ಬೀಳ್ತಾಳ' ಅಂದ್ಲು."

"ಎಷ್ಟು ದಿನ ತಿಕ್ಕಿದಳು?"

"ಕಾಲೇಜ ಬಿಡೂತನಕ ರೀ. ನಿಮ್ಮ ತಾಟ ಸೈತ."

ಊಟ ಚೆನ್ನಾಗಿತ್ತು. ಮುಗಿಸಿ, ತಾಟು ಹಿಡಿದು ನಲ್ಲಿಯ ಹತ್ತಿರ ಹೋದೆ. ಸಾಬಮ್ಮ ಅಡ್ಡ ಬಂದಳು.

"ಇಡ್ರಿ ಅಲ್ಲಿ. ನೀವೀಗ ಮನಿಗೆ ಬಂದ ಮೆಹಮಾನ್ರು."

ಇಟ್ಟು ಬಂದೆ.